ಗಿರಣಿ ನಿಲ್ಲಬಾರದು

ಎಲ್ಲಕ್ಕೂ ಕಾರಣ ಒಂದು ಪೋಸ್ಟ್‌ಕಾರ್ಡು. ಗುಡಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಡಿವಾಳೆಪ್ಪ ಮಾಸ್ತರರು ಅದನ್ನು ಬರೆಯದೆ ಸುಮ್ಮನಿದ್ದಿದ್ದರೆ ಊರಲ್ಲಿ ಇವತ್ತಿಗೂ ಮಾನವಂತರಾಗಿ ಇರುತ್ತಿದ್ದರು.

ಅವರ ಹೆಂಡತಿಯ ಅಣ್ಣ ಶಂಕ್ರಪ್ಪ ಹಡಗಿನಲ್ಲಿ ಎಂಜಿನಿಯರು. ಹೋದ ರಜೆಯಲ್ಲಿ ಜರ್ಮನಿಯಿಂದ ಒಂದು ಪುಟ್ಟ ರೈಲು ತಂದು ಇವರ ಮನೆಯಲ್ಲಿಟ್ಟು ಹೋಗಿದ್ದ. ಆಟದ ಸಾಮಾನೆಂದು ಹೀಗಳೆಯುವಂತಿಲ್ಲ. ಎಂಜಿನ್ನಿನ ಹೊಟ್ಟೆಯೊಳಗೆ ಉಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್ಪು. ಶಿಳ್ಳೆ, ದೀಪ ಎಲ್ಲ ಅದರದೇ ಕಾರುಬಾರು. ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರನ್ನು ಮಾತ್ರ ಹಡಗಿನಲ್ಲೇ ಮರೆತು ಬಂದಿದ್ದ. ‘ಮಂಗಳವಾರ ಸಂಜೆ ಬರುತ್ತೇನೆ, ಟ್ರಾನ್ಸ್‌ಫಾರ್ಮರ್ ತರುತ್ತೇನೆ’ ಎಂದು ಅವನು ಬರೆದರೆ, ‘ತರುವ ಅಗತ್ಯವಿಲ್ಲ. ನೀವು ಬರುವಷ್ಟರಲ್ಲಿ ರೈಲು ಓಡುತ್ತಿರುತ್ತದೆ. ವಿಜ್ಞಾನ ಓದಿದವನು ನಾನು’ ಎಂದು ಮಾಸ್ತರರು ಕಾರ್ಡು ಹಾಕಿಬಿಟ್ಟರು.

ಹೆಂಡತಿ ಸಾವಿತ್ರೆವ್ವ ಅವತ್ತೇ ಹೇಳಿದ್ದಳು: “ನಮ್ಮಣ್ಣನ ರೈಲು ಸುಟ್ಟಿತೋ, ನಾ ಅಣ್ಣಿಗೇರಿ ತವರಮನಿ ಹಾದಿ ಹಿಡದೆ ಅಂತ ತಿಳೀರಿ. ರೊಟ್ಟಿ ನೀವ ಬಡಕೋರಿ.”

ಮಂಗಳವಾರ ಬೆಳಿಗ್ಗೆ ಮಾಸ್ತರರು ಶಾಲೆಯ ಕಪಾಟಿನಿಂದ ಬ್ರಿಟಿಷರ ಕಾಲದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಹೊತ್ತು ತಂದರು. ಹಚ್ಚಿದರೆ ಅದು ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಮೀಟರ್ ಹಿಡಿದು ನೋಡಿದರು: ಇಪ್ಪತ್ತು ವೋಲ್ಟು! ಚಿಪ್ಪು ತಾಳುವುದು ಹದಿನಾರು. ಮಾಸ್ತರರು ರೈಲನ್ನು ಹಳಿಯಿಂದ ಎತ್ತಿ ಬದಿಗಿಟ್ಟರು.

ಅಷ್ಟರಲ್ಲಿ ಪಕ್ಕದಲ್ಲಿದ್ದ ದಾವೂದಸಾಬನ ಹಿಟ್ಟಿನ ಗಿರಣಿ ಶುರುವಾಯಿತು. ಮನೆಯ ಬಲ್ಬು ಮಂಕಾಯಿತು. ಮನೆಗೂ ಗಿರಣಿಗೂ ಒಂದೇ ಕಂಬದ ತಂತಿ. ಮೀಟರಿನ ಮುಳ್ಳು ಸರ್ರನೆ ಇಳಿದು ಹನ್ನೆರಡಕ್ಕೆ ನಿಂತಿತು. ಊರ ಮಂದಿಯೆಲ್ಲ ಬೈಯುವ ಈ ಮಂಕು ಕರೆಂಟಿಗೆ ಮಾಸ್ತರರು ಅವತ್ತು ಕೈಮುಗಿದರು. ಗಿರಣಿ ನಡೆಯುವ ತನಕ ಚಿಪ್ಪಿಗೆ ಭಯವಿಲ್ಲ.

ಹತ್ತೇ ನಿಮಿಷಕ್ಕೆ ಗಿರಣಿ ನಿಂತಿತು. ಹಿಂದಿನ ದಿನವೇ ಸಂತೆ ಮುಗಿದಿತ್ತು, ಊರೆಲ್ಲ ಬೀಸಿಸಿಕೊಂಡು ಹೋಗಿತ್ತು. ಶಂಕ್ರಪ್ಪ ಯಾವ ಗಳಿಗೆಗೆ ಬಂದಿಳಿಯುತ್ತಾನೋ ಎಂದು ಮಧ್ಯಾಹ್ನವೇ ಮಾಸ್ತರರು ಜೋಳದ ಚೀಲ ಹೊತ್ತು ಓಡಿದರು.

“ದಾವೂದಸಾಬ, ಇವತ್ತ ಸಂಜಿತನಕಾ ಗಿರಣಿ ನಿಲ್ಲಬಾರದು.”

“ಯಾಕ್ರಿ ಮಾಸ್ತರ?”

ವಿಜ್ಞಾನದ ಮಾಸ್ತರ ಹಿಟ್ಟಿನ ಗಿರಣಿಯನ್ನು ನೆಚ್ಚಿದ್ದಾನೆಂದು ಹೇಳುವುದು ಹೇಗೆ? “ಮನಿಗೆ ಮಂದಿ ಬರತಾರ” ಎಂದುಬಿಟ್ಟರು.

ಜೋಳ ಮುಗಿಯಿತು. ಗೋಧಿ ತಂದರು. ಅದೂ ಮುಗಿಯಿತು, ಕಡಲೆ ತಂದರು. ಬಿತ್ತನೆಗೆಂದು ಬೂದಿ ಕಲಸಿಟ್ಟಿದ್ದ ಜೋಳಕ್ಕೂ ಕೈ ಹಾಕಿ, ಬೂದಿ ಹಾರುವಂತೆ ಮೊರದಲ್ಲಿ ಕೇರಿ ತಂದರು. ಕೊನೆಗೆ ಮೊದಲ ಚೀಲವನ್ನೇ ಮತ್ತೆ ಮುಂದಿಟ್ಟರು.

“ಮಾಸ್ತರ್ರೀ, ಇದು ಹಿಟ್ಟೈತ್ರಿ!”

“ಇನ್ನಷ್ಟು ಸಣ್ಣಗ ಆಗಲಿ!”

ಕಟ್ಟೆಯ ಮೇಲೆ ಕೂತು ಚೀಲ ಎಣಿಸುತ್ತಿದ್ದ ನೆರೆಮನೆಯ ಮಹಾದೇವಕ್ಕ ಗಲ್ಲಕ್ಕೆ ಕೈ ಹಚ್ಚಿದಳು. “ಎವ್ವಾ! ಇಷ್ಟು ಹಿಟ್ಟು ಬೀಸಸ್ಯಾರಂದ್ರ ಓಣಿಗೆಲ್ಲಾ ಊಟ ಐತಿ” ಎಂದು ಮನೆಮನೆಗೆ ಹೇಳಿಬಂದಳು.

ಸಂಜೆ ಶಂಕ್ರಪ್ಪ ಬಂದ. ಗಿರಣಿ ಟಕಟಕ ನಡೆದಿತ್ತು. ಮಾಸ್ತರರು ಗುಂಡಿ ಒತ್ತಿದರು. ರೈಲು ಹಳಿಯ ಮೇಲೆ ಒಂದು ಸುತ್ತು ಹಾಕಿತು. ಮಾಸ್ತರರ ಎದೆ ಒಂದು ಗೇಣು ಉಬ್ಬಿತು.

“ಶಿಳ್ಳಿ ಹೊಡಿಯಂಗಿಲ್ಲೇನ್ರಿ ಇದು?” ಎಂದಳು ನೋಡಲು ಬಂದಿದ್ದ ಮಹಾದೇವಕ್ಕ.

ಶಂಕ್ರಪ್ಪ ಹೊಟ್ಟೆ ಹಿಡಿದು ನಕ್ಕ. “ಹೆಂಗ ಹೊಡೀತೈತಿ? ನಿಮ್ಮೂರ ಕರೆಂಟ್ ನಂಬಿ ಚಿಪ್ಪು ಬಿಟ್ಟು ಹೋಗಾಕ ನಾ ಏನು ಹುಚ್ಚನೇನು? ಹೋದ ಸಲಾನ ಅದನ್ನ ತಗದು ಒಯ್ದಿದ್ದೆ. ಈಗ ಓಡಿದ್ದು ಬರೇ ಮೋಟಾರು. ಅದು ಇಪ್ಪತ್ತಲ್ಲ, ಇಪ್ಪತ್ತೈದು ವೋಲ್ಟ್ ಕೊಟ್ರೂ ಜಗ್ಗಂಗಿಲ್ಲ!”

ಮಧ್ಯಾಹ್ನದಿಂದ ಯಾವುದನ್ನು ಕಾಪಾಡಲು ಬಿತ್ತನೆಯ ಜೋಳವನ್ನೂ ಬೀಸಿಸಿದ್ದರೋ ಅದು ರೈಲಿನೊಳಗೆ ಇರಲೇ ಇಲ್ಲ!

ಶಂಕ್ರಪ್ಪ ಕಿಸೆಯಿಂದ ಚಿಪ್ಪು ತೆಗೆದು ಎಂಜಿನ್ನಿಗೆ ಕೂಡಿಸಿದ. “ನಿಮ್ಮ ಮಾತು ನಂಬಿ ಟ್ರಾನ್ಸ್‌ಫಾರ್ಮರ್ ತಂದಿಲ್ಲ ಮತ್ತ. ಇದು ನಡೀತೈತೆಲ್ಲ?”

“ಧೈರ್ಯಾಗಿ ಹಚ್ಚರಿ, ಭಾವಾರ. ಹನ್ನೆರಡರ ಮ್ಯಾಲೆ ಒಂದು ಕೂದಲೆಳಿ ಏರಂಗಿಲ್ಲ.”

ರೈಲು ಕೂ ಎಂದಿತು. ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನಿಂತಾಗ ಮಾಸ್ತರರಿಗೆ ಇನ್ನೊಂದು ಸದ್ದೂ ನಿಂತಿರುವುದು ಗೊತ್ತಾಯಿತು. ತಲೆಯೆತ್ತಿ ನೋಡಿದರೆ ಬಲ್ಬು ಮಲ್ಲಿಗೆಯಂತೆ ಬೆಳಗುತ್ತಿತ್ತು.

ಅವರು ಗುಂಡಿಯತ್ತ ಹಾರುವಷ್ಟರಲ್ಲಿ ರೈಲು ಬಾಣದಂತೆ ಎರಡು ಸುತ್ತು ಓಡಿ, ಕೀರಲು ದನಿಯಲ್ಲಿ ಕಿರುಚಿ, ನಿಂತಿತು.

“ಖರೇ ರೈಲಿನಂಗ ಹೊಗಿ ಬಿಡತೈತ್ರಿ!” ಎಂದು ಮಹಾದೇವಕ್ಕ ಹಿಗ್ಗಿದಳು.

ಬಾಗಿಲಲ್ಲಿ ದಾವೂದಸಾಬ ಹಿಟ್ಟಿನ ಚೀಲ ಇಳಿಸಿ ಬೆವರು ಒರೆಸಿಕೊಂಡ. “ಊಟದ ಹೊತ್ತಾತಂತ ಗಿರಣಿ ಬಂದ್ ಮಾಡೇ ಬಂದೆ ಮಾಸ್ತರ.” ಅವನ ಬೆನ್ನ ಹಿಂದೆ ಇಡೀ ಓಣಿ ನಿಂತಿತ್ತು. “ಎಲಿ ತರಬ್ಯಾಡ್ರಿ, ಗಂಗಾಳ ಚರಗಿ ನಾವ ತಂದೇವಿ” ಎಂದು ಮಂದಿ ತಟ್ಟೆ ತಂಬಿಗೆ ಎತ್ತಿ ತೋರಿಸಿದರು.

ಸಾವಿತ್ರೆವ್ವ ಚೀಲಕ್ಕೆ ಎರಡು ಸೀರೆ ತುರುಕಿ, ಅಣ್ಣನನ್ನು ಮುಂದೆ ಮಾಡಿಕೊಂಡು ಅಣ್ಣಿಗೇರಿಯ ದಾರಿ ಹಿಡಿದಳು.

ಓಣಿಯ ಮಂದಿ ಸಾಲಾಗಿ ಕೂತರು. ಮಡಿವಾಳೆಪ್ಪ ಮಾಸ್ತರರು ಅಂಗಿಯ ತೋಳು ಮಡಚಿ, ಒಲೆ ಹೊತ್ತಿಸಿ, ಎರಡೆರಡು ಸಲ ಬೀಸಿದ ಹಿಟ್ಟನ್ನು ನಾದಿ ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿದರು.

ಅದೂ ಸುಟ್ಟಿತು.