ಅತ್ತೆಯ ಕಣ್ಣಿಗೆ ಅಳಿಯನ ಗೆರೆ

ಹಳೆಯ ಡಬ್ಬಾ ಟಿ.ವಿ.ಯನ್ನು ಹೊಸ ಚಪ್ಪಟೆ ಟಿ.ವಿ.ಯೊಳಗೆ ಕೂರಿಸಿಯೇ ತೀರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ನಾಲ್ಕನೇ ದೋಸೆ ಮುಗಿಸಿದ ಮೇಲೆ. ಖಾಲಿ ಹೊಟ್ಟೆಯಲ್ಲಿ ಮಾಡಿದ ಪ್ರತಿಜ್ಞೆಯಲ್ಲವಾದ್ದರಿಂದ ಆತುರದ್ದೆಂದು ಯಾರೂ ಹೇಳುವಂತಿಲ್ಲ.

ವಿಷಯ ಇಷ್ಟೇ. ಹೈಸ್ಕೂಲಿನಲ್ಲಿದ್ದಾಗ ಗೆಳೆಯನ ಮನೆಯಲ್ಲಿ ಆಡುತ್ತಿದ್ದ ವಿಡಿಯೋ ಗೇಮುಗಳೆಲ್ಲ ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆ. ಎಮ್ಯುಲೇಟರ್ ಎಂಬ ತಂತ್ರಾಂಶ ಹಾಕಿದರೆ, ಹಳೆಯ ಗೇಮಿಗೆ ತಾನಿನ್ನೂ ಹಳೆಯ ಯಂತ್ರದಲ್ಲೇ ಓಡುತ್ತಿದ್ದೇನೆಂಬ ಭ್ರಮೆ ಬರುತ್ತದೆ. ಆದರೆ ನಮ್ಮ ಐವತ್ತೈದು ಇಂಚಿನ ಟಿ.ವಿ.ಯಲ್ಲಿ ಅದರ ಹೀರೋ ಇಟ್ಟಿಗೆ ಜೋಡಿಸಿ ಕಟ್ಟಿದವನ ಹಾಗೆ ಕಾಣುತ್ತಾನೆ. ಆ ಕಾಲದ ಟಿ.ವಿ.ಯ ಅಡ್ಡಗೆರೆ, ಉಬ್ಬಿದ ಗಾಜು, ಅಂಚು ದಾಟುವ ಬಣ್ಣ, ಸಣ್ಣ ನಡುಕ, ಇವೆಲ್ಲ ಸೇರಿಯೇ ಅವನಿಗೊಂದು ಮುಖ ಬರುತ್ತಿತ್ತು. ಅದನ್ನೆಲ್ಲ ನಕಲು ಮಾಡಿ ಪರದೆಗೆ ಹೊದಿಸುವುದಕ್ಕೆ ಶೇಡರ್ ಎನ್ನುತ್ತಾರೆ. ಒಂದೊಂದು ಶೇಡರಿನಲ್ಲಿ ನಲವತ್ತು ಸೆಟ್ಟಿಂಗು!

"ಅಂದ್ರೆ, ಚೆನ್ನಾಗಿರೋ ಟಿ.ವಿ.ನ ಕೆಡಿಸ್ತೀರಿ" ಎಂದಳು ಹೆಂಡತಿ ನಿರ್ಮಲ.

"ಕೆಡಿಸೋದಲ್ಲ. ಅದಕ್ಕೊಂದು ಇತಿಹಾಸ ಕೊಡ್ತಿದೀನಿ."

"ಆಫೀಸಲ್ಲಿ ಏನು ರೀ ಕೆಲಸ ನಿಮ್ದು?"

ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಹದಿನಾರು ವರ್ಷಗಳಿಂದ, ಉಪಗ್ರಹ ಕಳಿಸಿದ ಚಿತ್ರಗಳಲ್ಲಿ ಬಿದ್ದ ಗೆರೆಗಳನ್ನು ಅಳಿಸುವುದು ನನ್ನ ಕೆಲಸ. ಸರ್ಕಾರ ನನಗೆ ಸಂಬಳ ಕೊಡುವುದೇ ಅದಕ್ಕೆ.

ಮಗಳು ಸಮೀಕ್ಷಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಮಾತ್ರ ಮಲಯಾಳ. "ಎಂದಿನಾ ಅಪ್ಪಾ?" ಎಂದಷ್ಟೇ ಕೇಳಿ ಎದ್ದುಹೋದಳು. ಯಾಕಪ್ಪಾ ಎಂಬ ಆ ಪ್ರಶ್ನೆಯನ್ನು ನಾನು ಪ್ರೋತ್ಸಾಹವೆಂದೇ ತೆಗೆದುಕೊಂಡೆ.

ಇದೇ ಹೊತ್ತಿಗೆ ಚಿಂತಾಮಣಿಯಿಂದ ಬಂದಿದ್ದ ಅತ್ತೆ ಸುಬ್ಬಲಕ್ಷ್ಮಿಯವರ ಬಲಗಣ್ಣಿಗೆ ಎರ್ನಾಕುಲಂನಲ್ಲಿ ಪೊರೆಯ ಆಪರೇಷನ್ ಆಗಿತ್ತು. ಡಾಕ್ಟರ್ ಜಾಯ್ಸ್ ಅವರನ್ನು ಹುಡುಕಿದ್ದು ನಾನು, ರಜೆ ಹಾಕಿ ಓಡಾಡಿದ್ದು ನಾನು, ಎಲ್ಲರಿಗೂ ಅದನ್ನು ನೆನಪಿಸುತ್ತಿದ್ದದ್ದೂ ನಾನು. ಎಡಗಣ್ಣಿನ ಸರದಿ ಮುಂದಿನ ತಿಂಗಳು. ಅಲ್ಲಿಯವರೆಗೆ ನಮ್ಮ ಮನೆಯಲ್ಲೇ ವಾಸ. ಕಪ್ಪು ಕನ್ನಡಕ, ದಿನಕ್ಕೆ ಆರು ಸಲ ಹನಿ, ಸಂಜೆ ಕನ್ನಡ ಧಾರಾವಾಹಿ.

ಅತ್ತೆ ಹಳೆಯ ಕಾಲದವರು. ಅಳಿಯನ ಎದುರು ಕುರ್ಚಿಯಲ್ಲಿ ಕೂರುವುದಕ್ಕೇ ಹದಿನೆಂಟು ವರ್ಷ ತೆಗೆದುಕೊಂಡವರು. ಅಳಿಯ ಮಾಡಿದ್ದಕ್ಕೆ ಕೊಂಕು ತೆಗೆಯುವುದು ಅವರಿಗೆ ಗೊತ್ತೇ ಇಲ್ಲ. ನಾನು ಮಾಡಿದ ಕಾಫಿ ಕುಡಿದು ‘ಚೆನ್ನಾಗಿದೆ’ ಎಂದ ಏಕೈಕ ಜೀವಿ ಈ ಭೂಮಿಯ ಮೇಲೆ ಅವರೇ.

ನಾನು ಶೇಡರನ್ನು ಗೇಮಿಗೆ ಮಾತ್ರವಲ್ಲ, ಟಿ.ವಿ.ಗೆ ಜೋಡಿಸಿದ್ದ ಕಂಪ್ಯೂಟರಿನ ಇಡೀ ಪರದೆಗೇ ಹಾಕಿದ್ದೆ. ಧಾರಾವಾಹಿಯೂ ಅದೇ ಕಂಪ್ಯೂಟರಿನಿಂದ ಬರುತ್ತಿತ್ತು. ಅದಕ್ಕೂ ಸ್ವಲ್ಪ ಸಂಸ್ಕಾರ ಬರಲಿ ಎಂದು ಹಾಗೇ ಬಿಟ್ಟೆ.

ಮೊದಲ ಸಂಜೆ ಅಡ್ಡಗೆರೆ ಎಳೆದೆ. ಅತ್ತೆ ಕಪ್ಪು ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ಹೇಗಿದೆ ಅತ್ತೆ ಚಿತ್ರ?"

"ಚೆನ್ನಾಗಿದೆ ಅಳಿಯಂದಿರೇ."

ನನಗೆ ಹುರುಪು ಬಂತು. ಎರಡನೇ ಸಂಜೆ ಮೂಲೆಗಳನ್ನು ಬಗ್ಗಿಸಿದೆ. ಅತ್ತೆ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಮೂರನೇ ಸಂಜೆ ಬಣ್ಣವನ್ನು ಅಂಚಿನಾಚೆ ಹರಿಸಿದೆ. ಕುರ್ಚಿ ಮುಂದಕ್ಕೆ ಬಂತು. ನಾಲ್ಕನೇ ಸಂಜೆ, ಆಂಟೆನಾ ತಿರುಗಿಸುತ್ತಿದ್ದ ದಿನಗಳ ಗೌರವಾರ್ಥ, ಪ್ರತಿಯೊಬ್ಬರ ಪಕ್ಕದಲ್ಲೂ ಒಂದು ತೆಳು ನೆರಳು ನಿಲ್ಲಿಸಿದೆ. ಅತ್ತೆ ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು, ಆಮೇಲೆ ಎರಡನ್ನೂ ಮುಚ್ಚಿ ಕೈಮುಗಿದರು. ಶ್ರೇಷ್ಠ ಕಲೆಯ ಮುಂದೆ ಜನ ಹೀಗಾಗುತ್ತಾರೆಂದು ಕೇಳಿದ್ದೆ. ಜೊತೆಗೆ ನಡುಕವನ್ನೂ ಸೇರಿಸಿದೆ.

ಇಷ್ಟು ದಿನವೂ ನಿರ್ಮಲ ಟಿ.ವಿ. ಕಡೆ ತಿರುಗಿಯೂ ನೋಡಲಿಲ್ಲ. ಅದು ಅವಳ ಸತ್ಯಾಗ್ರಹ.

ಐದನೇ ದಿನ ಬೆಳಿಗ್ಗೆ ಅವಳು ಅಡುಗೆಮನೆಯಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು. "ಅಮ್ಮ ಇನ್ನೊಂದು ಕಣ್ಣಿಗೆ ಆಪರೇಷನ್ನೇ ಬೇಡ ಅಂತಿದಾರೆ. ಊರಿಗೆ ಕಳಿಸ್ಬಿಡು, ಇರೋ ಅರ್ಧ ಕಣ್ಣಲ್ಲೇ ದಿನ ನೂಕ್ತೀನಿ ಅಂತಾರೆ."

"ಯಾಕೆ? ಆಪರೇಷನ್ ಚೆನ್ನಾಗೇ ಆಗಿದೆಯಲ್ಲ!"

"ಎಲ್ಲಿ ಆಗಿದೆ? ನಾಲ್ಕು ದಿನದಿಂದ ದಿನಾ ಜಾಸ್ತಿ ಹಾಳಾಗ್ತಿದೆಯಂತೆ. ನೀವು ಬೇಜಾರು ಮಾಡ್ಕೋತೀರ ಅಂತ ಬಾಯೇ ಬಿಟ್ಟಿಲ್ಲ. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದಾರೆ ರೀ."

ಇದರಲ್ಲಿ ತಮಾಷೆಯಿಲ್ಲ, ನಿಜವಾಗಿಯೂ ಹೆದರಿದೆ. ಡಾಕ್ಟರನ್ನು ಆರಿಸಿದವನು ನಾನು. ಆ ಕಣ್ಣು ಹೋದರೆ ಅವರ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

ಸಿಕ್ಕ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆಯೇ ನನಗೆ ಸಮಾಧಾನ ಹೇಳಿದರು. "ನಿಮ್ಮದೇನೂ ತಪ್ಪಿಲ್ಲ ಅಳಿಯಂದಿರೇ. ನನ್ನ ಹಣೇಲಿ ಬರೆದಿದ್ದು." ಕೊಲ್ಲಂ ದಾಟುವಷ್ಟರಲ್ಲಿ ನಾನು ಮೂರು ದೇವರಿಗೆ ಹರಕೆ ಹೊತ್ತಿದ್ದೆ. ಅವರಲ್ಲಿ ಇಬ್ಬರು ಮಲಯಾಳಿಗಳು.

ಆಸ್ಪತ್ರೆಯಲ್ಲಿ ನರ್ಸ್ ಮೊದಲು ಅಕ್ಷರಗಳ ಪಟ್ಟಿ ತೋರಿಸಿದಳು. ತೆಂಗಿನಕಾಯಿ ಗಾತ್ರದ ಮೊದಲ ಅಕ್ಷರವನ್ನೇ ಅತ್ತೆಗೆ ಓದಲಾಗಲಿಲ್ಲ. ನಾನು ನಾಲ್ಕನೇ ದೇವರಿಗೂ ಹರಕೆ ಹೊತ್ತೆ.

"ಮಲಯಾಳ ಬರಲ್ಲಮ್ಮ ನಂಗೆ" ಎಂದರು ಅತ್ತೆ.

ಪಟ್ಟಿ ಬದಲಾಗಿ ಅಂಕಿಗಳು ಬಂದವು. ಅವರು ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿ, ಅದರಡಿ ಸಾಸಿವೆಯಷ್ಟು ಸಣ್ಣಗಿದ್ದ ಮುದ್ರಣಾಲಯದ ಫೋನ್ ನಂಬರನ್ನೂ ಓದಿದರು.

ಡಾಕ್ಟರ್ ಜಾಯ್ಸ್ ದೀಪ ಬಿಟ್ಟು ನೋಡಿದರು. "ಅಮ್ಮೇ, ಕಣ್ಣು ಪರ್ಫೆಕ್ಟ್ ಆಣಲ್ಲೋ! ಎಂದಾ ಪ್ರಶ್ನಂ?"

"ಕಣ್ಣು ಚೆನ್ನಾಗೇ ಇದೆಯಂತೆ" ಎಂದು ನಿರ್ಮಲ ಕನ್ನಡಕ್ಕೆ ತಿರುಗಿಸಿದಳು. "ಏನು ತೊಂದರೆ ಅಂತ ಬಿಡಿಸಿ ಹೇಳಮ್ಮ."

ಅತ್ತೆ ನನ್ನ ಕಡೆ ಒಮ್ಮೆ ನೋಡಿ ಸಂಕೋಚದಿಂದಲೇ ಶುರುಮಾಡಿದರು. "ಮೊದಲನೇ ದಿನ ಅಡ್ಡಡ್ಡ ಗೆರೆ ಕಾಣಿಸ್ತು. ಮಾರನೇ ದಿನ ಮೂಲೆಗಳು ಸೊಟ್ಟಗಾದ್ವು. ಅದರ ಮಾರನೇ ದಿನ ಬಣ್ಣ ಸೀರೆಯಿಂದಾಚೆ ಹರೀತು. ನಿನ್ನೆ ಒಬ್ಬ ಸೊಸೆ ಇರಬೇಕಾದ ಕಡೆ ಇಬ್ಬರು ನಿಂತಿದ್ರು. ಇಬ್ಬರೂ ನಡುಗ್ತಿದ್ರು."

ನಾಲ್ಕು ದಿನ ನಾನು ಮಾಡಿದ ಕೆಲಸವನ್ನು ಅದೇ ಕ್ರಮದಲ್ಲಿ, ಒಂದನ್ನೂ ಬಿಡದೆ ಒಪ್ಪಿಸುತ್ತಿದ್ದರು. ನನ್ನ ಕಲೆಯನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದವರು ಹಿಂದೆ ಯಾರೂ ಇರಲಿಲ್ಲ.

"ಎಲ್ಲಿ ನೋಡಿದ್ರೂ ಹಾಗೇನಾ?" ನಿರ್ಮಲ ಕೇಳಿದಳು.

"ಟಿ.ವಿ.ಯಲ್ಲಿ ಮಾತ್ರ. ಆದ್ರೆ ಅಳಿಯಂದಿರು ಪಕ್ಕದಲ್ಲೇ ಕೂತು ‘ಆಹಾ, ಏನು ಚಿತ್ರ!’ ಅಂತಿದ್ರಲ್ಲ. ಅಷ್ಟು ಓದಿದವರೇ ಹಾಗಂದ್ಮೇಲೆ ಕೆಟ್ಟಿರೋದು ನನ್ನ ಕಣ್ಣೇ ತಾನೆ?"

ನಿರ್ಮಲ ನಿಧಾನವಾಗಿ ನನ್ನ ಕಡೆ ತಿರುಗಿದಳು. ಡಾಕ್ಟರೂ ತಿರುಗಿದರು. ನರ್ಸಿಗೆ ಕನ್ನಡ ಬಾರದು, ಆದರೂ ತಿರುಗಿದಳು. ನಾನು ಶೇಡರಿನ ತತ್ತ್ವವನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ಡಾಕ್ಟರ್ ಜಾಯ್ಸ್ ಪೂರ್ತಿ ಕೇಳಿಸಿಕೊಂಡು, "ಸಾರ್, ಎವಿಡೆಯಾ ಜೋಲಿ?" ಎಂದು ನನ್ನ ಕೆಲಸ ಎಲ್ಲಿ ಅಂತ ವಿಚಾರಿಸಿದರು. ನಿರ್ಮಲ ಹೇಳಿದಳು. ಡಾಕ್ಟರು ಸ್ವಲ್ಪ ಹೊತ್ತು ಕಿಟಕಿಯಾಚೆ ಆಕಾಶ ನೋಡಿದರು.

ಎಡಗಣ್ಣಿಗೆ ತಾರೀಖು ಗೊತ್ತುಮಾಡಿಕೊಂಡು ಹೊರಬಂದೆವು. ನನಗೆ ಹೋದ ಜೀವ ಬಂದಂತಾಗಿತ್ತು. "ತಪ್ಪಾಯ್ತು ಅತ್ತೆ" ಎಂದೆ. "ಚಿಕ್ಕಂದಿನ ಹಳೇ ಟಿ.ವಿ. ಥರಾನೇ ಕಾಣಲಿ ಅಂತ ಒಂದು ಆಸೆ, ಅಷ್ಟೆ."

ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಅತ್ತೆ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ಅದಕ್ಕೆ ಇಷ್ಟೆಲ್ಲ ಕಷ್ಟ ಯಾಕೆ ಪಟ್ರಿ? ನಿಮ್ಮ ಮೊದಲ ದೀಪಾವಳಿಗೆ ನಮ್ಮನೆಯವರು ಅಂಥದ್ದೇ ದೊಡ್ಡ ಟಿ.ವಿ. ತಂದಿಟ್ಟಿದ್ರಲ್ಲ, ಊರಲ್ಲಿ ಇನ್ನೂ ಪೆಟ್ಟಿಗೆಯಲ್ಲೇ ಇದೆ. ‘ಬರೀ ಗೆರೆ ಗೆರೆ, ಇದನ್ನ ನೋಡಿದೋರ ಕಣ್ಣು ಹಾಳಾಗುತ್ತೆ’ ಅಂತ ನೀವೇ ಬೇಡ ಅಂದ್ರಿ. ನೀವು ಅಂದಿದ್ದು ಯಾವತ್ತು ಸುಳ್ಳಾಗಿದೆ ಅಳಿಯಂದಿರೇ?"