ಹಂಪಣ್ಣನಿಗೊಂದು ಖಾಯಂ ಸೀಟು

ಫೋನಿನಲ್ಲಿ ಮೆಲ್ಲಗೆ ಮಾತಾಡುವ ವಿದ್ಯೆ ಹಂಪಣ್ಣನಿಗೆ ಒಲಿದಿದ್ದರೆ ಈ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಆದರೆ ಅವನದು ರಾಯಚೂರಿನ ಕಡೆಯ ಬಯಲಿನಲ್ಲಿ ಹೊಲದಿಂದ ಹೊಲಕ್ಕೆ ಕೂಗಿ ಪಳಗಿದ ಗಂಟಲು. ಹೊರಮಾವಿನ ಬಾಡಿಗೆ ಕೋಣೆ ಸೇರಿ ವರ್ಷಗಳಾದರೂ, ಊರು ಬದಲಾದ ಸುದ್ದಿ ಆ ಗಂಟಲಿಗೆ ಇನ್ನೂ ಮುಟ್ಟಿರಲಿಲ್ಲ. ಸಾಲದ್ದಕ್ಕೆ ಕೋಣೆಯೊಳಗೆ ಸಿಗ್ನಲ್ ಬೇರೆ ಸಿಗುತ್ತಿರಲಿಲ್ಲ. ಹೀಗಾಗಿ ಆ ಬೆಳಿಗ್ಗೆ ಅವನು ಮೆಟ್ಟಿಲ ಮೇಲೆ ನಿಂತು, ಇಡೀ ಬೀದಿಗೆ ಕೇಳಿಸುವಂತೆ ತನ್ನ ಕಂಪನಿಯ ಮಾಲೀಕರಿಗೆ ಹೇಳಿದ:

“ಹೌದ್ರಿ ಸರ್, ಬೋಟಿನ ಸೀಟು ನಾನ ಆರಿಸ್ತೀನ್ರಿ! ಮೂರು ಅದಾವ್ರಿ. ಸಂಜಿಯೊಳಗ ಒಂದು ಫೈನಲ್ ಮಾಡಿಬಿಡ್ತೀನ್ರಿ!”

ಕೆಳಗೆ ಕಾಂಪೌಂಡಿನಲ್ಲಿ ಹಲ್ಲುಜ್ಜುತ್ತಿದ್ದ ಮನೆ ಓನರ್ ಮುನಿಆಂಜನಪ್ಪನವರ ಬ್ರಷ್ಷು ಬಾಯಲ್ಲೇ ನಿಂತಿತು.

ಮುನಿಆಂಜನಪ್ಪನವರಿಗೆ ದೇವರು ಯಾವುದಕ್ಕೂ ಕಮ್ಮಿ ಮಾಡಿರಲಿಲ್ಲ. ಅಪ್ಪ ರಾಗಿ ಬೆಳೆದ ಜಮೀನಿನಲ್ಲಿ ಮಗ ಬಾಡಿಗೆ ಮನೆಗಳನ್ನು ಬೆಳೆದಿದ್ದರು. ಇದ್ದ ಕೊರಗು ಒಂದೇ, ವಾರ್ಡಿನ ಸೀಟು. ಪಾಲಿಕೆ ಚುನಾವಣೆ ಇಂದು ಬಂತು, ನಾಳೆ ಬಂತು ಎಂದು ಬಿಳಿ ಷರಟು ಬಿಳಿ ಪಂಚೆಗೆ ಗಂಜಿ ಹಾಕಿಸಿ ಇಟ್ಟುಕೊಂಡು ಕಾಯುತ್ತಿದ್ದರು. ಹಾಗೆ ಕಾದು ಕಾದು ಕಿವಿಯೂ ಆ ಒಂದೇ ಮಾತಿಗೆ ಹದವಾಗಿಬಿಟ್ಟಿತ್ತು. ಹಂಪಣ್ಣ ‘ಬೋಟು’ ಅಂದದ್ದು ಅವರಿಗೆ ಚೊಕ್ಕವಾಗಿ ‘ವೋಟು’ ಎಂದೇ ಕೇಳಿಸಿತು.

“ಪಟಾಲಮ್ಮಾ!” ಎಂದು ಬಾಯಿ ಮುಕ್ಕಳಿಸದೆಯೇ ಹೆಂಡತಿಯನ್ನು ಕೂಗಿದರು. “ನಮ್ಮ ಮೇಲಿನ್ ಮನೆ ಹಂಪಣ್ಣ ಸಾಮಾನ್ಯದೋನಲ್ಲ ಕಣೇ. ವೋಟಿನ್ ಸೀಟು ಅವನ ಕೈಯಲ್ಲೈತೆ!”

“ಅವನ ಕೈಯಲ್ಲಿ ನೀರಿನ್ ಬಿಂದಿಗೆ ಬಿಟ್ರೆ ಇನ್ನೇನೂ ನಾನ್ ನೋಡೇ ಇಲ್ವಲ್ಲ?”

“ಅಂಥೋರೇ ಕಣೇ ಒಳಗಿನ್ ಜನ! ಮೂರು ಹೆಸ್ರು ಐತಂತೆ. ಸಂಜೆಗೆ ಒಂದು ಫೈನಲ್ಲಂತೆ. ಬೇಗ ಪಂಚೆ ತೆಗಿ!”

ಇತ್ತ ಒಳಗಿನ ಜನ ಎನಿಸಿಕೊಂಡ ಹಂಪಣ್ಣನ ಸಂಗತಿಯೇ ಬೇರೆ. ಅವನು ಕೆಲಸಕ್ಕಿದ್ದದ್ದು ಹಲಸೂರು ಕೆರೆಯ ಹತ್ತಿರದ ಒಂದು ಪುಟ್ಟ ಕಂಪನಿಯಲ್ಲಿ. ಲೈಫ್ ಜಾಕೆಟ್ಟು, ಹಗ್ಗ, ಗಾಳಿ ತುಂಬುವ ರಬ್ಬರ್ ಬೋಟು, ಇವು ಅವರ ಸರಕು. ಈ ಸಲ ಕಾರವಾರದ ಕಡೆಯ ಒಂದು ರಕ್ಷಣಾ ತಂಡ ಜೋರಾಗಿ ಓಡುವ ಬೋಟುಗಳನ್ನು ಕೇಳಿತ್ತು. ಸಮುದ್ರ ಎದ್ದಿರುವಾಗ ಅಂಥ ಬೋಟು ಒಂದು ಅಲೆಯಿಂದ ಹಾರಿ ಇನ್ನೊಂದರ ಮೇಲೆ ದಬಾರನೆ ಬೀಳುತ್ತದೆ. ಕೂತವರ ಬೆನ್ನುಮೂಳೆಗೆ ಉಳಿಗಾಲವಿಲ್ಲ. ಆ ಏಟನ್ನು ತಾನೇ ನುಂಗಿಕೊಳ್ಳುವ ಸೀಟು ಬೇಕಿತ್ತು. ಮೂರು ಮಾದರಿಗಳು ಬಂದಿದ್ದವು. ಕೂತು ನೋಡಿ ಆರಿಸಬೇಕಾದ ಮಾಲೀಕ ಶ್ರೀನಿವಾಸ್ ಅವರಿಗೆ ಬೆನ್ನಿನ ಡಿಸ್ಕ್ ಜಾರಿತ್ತು. ಹಲಸೂರು ಕೆರೆಯಲ್ಲೇ ಪರೀಕ್ಷೆ ಮಾಡೋಣವೆಂದರೆ ಆ ನೀರು ಆರಿದ ಅಂಬಲಿಯಂತೆ ಅಲುಗಾಡದೆ ಮಲಗಿತ್ತು.

“ಸಮುದ್ರ ಎಲ್ಲಿಂದ ತರೋಣ ಹಂಪಣ್ಣ? ನಿಮ್ಮ ಮನೆ ಹತ್ರ ಪೈಪ್ ಹಾಕೋಕೆ ರೋಡ್ ಅಗೆದಿದ್ದಾರಲ್ಲ, ಅಲ್ಲೇ ಟೆಸ್ಟ್ ಮಾಡ್ಬಿಡು,” ಎಂದಿದ್ದರು ಶ್ರೀನಿವಾಸ್. “ಸರಿಯಾದ್ದು ಆರಿಸಿದ್ರೆ ನಿಂಗೊಂದು ಖಾಯಂ ಸೀಟು ಗ್ಯಾರಂಟಿ.”

ಖಾಯಂ ಸೀಟು! ಹಂಪಣ್ಣನಿಗೆ ಆ ಮಾತು ಕೇಳಿ ಕಣ್ಣು ಮಂಜಾಗಿತ್ತು. ಆಫೀಸಿನಲ್ಲಿ ಎಲ್ಲರಿಗೂ ಕುರ್ಚಿಯಿತ್ತು, ಅವನಿಗಿದ್ದದ್ದು ಒಂದು ಪ್ಲಾಸ್ಟಿಕ್ ಸ್ಟೂಲು. ಯಾರಾದರೂ ಬಂದರೆ ಮೊದಲು ಹೋಗುತ್ತಿದ್ದದ್ದು ಆ ಸ್ಟೂಲೇ. ದಿನವಿಡೀ ನಿಂತು ನಿಂತು ಅವನ ಕಾಲಿನ ನರಗಳು ಉಬ್ಬಿದ್ದವು. ಹೆಂಡತಿ ನಾಗರತ್ನಾ ದಿನಾ ಸಂಜೆ ಎಣ್ಣೆ ತಿಕ್ಕಿ, ತಿಕ್ಕುತ್ತಲೇ ಆ ಕಂಪನಿಗೆ ಶಾಪ ಹಾಕುತ್ತಿದ್ದಳು. ಕುರ್ಚಿಯ ಮಾತು ಕೇಳಿದಾಗಿನಿಂದ ಅವಳ ಬಾಯಲ್ಲಿ ಒಂದೇ ಎಚ್ಚರಿಕೆ:

“ಕುರ್ಚಿಗಿ ಎರಡೂ ಕೈ ಇರಬೇಕ ನೋಡ್ರಿ. ಕೈ ಇಲ್ಲದ್ದು ಕೊಟ್ರ ಒಲ್ಲೆ ಅನ್ರಿ.”

ಅಷ್ಟರಲ್ಲಿ ಅವರ ಊರ ಕಡೆಯವನೇ ಆದ ದುರ್ಗೇಶ ಗೂಡ್ಸ್ ಆಟೋ ತಂದು ನಿಲ್ಲಿಸಿದ. ಹಿಂದಿನ ತೆರೆದ ಡಬ್ಬಿಯಲ್ಲಿ ಹಲಗೆ ಹಾಕಿ ಮೂರು ಸೀಟುಗಳನ್ನೂ ಬೋಲ್ಟು ಬಿಗಿದಿತ್ತು. ಮೊದಲನೆಯದು ದಪ್ಪ ಮೆತ್ತೆಯದು, ಕೆಂಪಗೆ, ಛತ್ರದಲ್ಲಿ ಮದುಮಕ್ಕಳನ್ನು ಕೂರಿಸುವ ಕುರ್ಚಿಯಂತೆ ಬೀಗುತ್ತಿತ್ತು. ಎರಡನೆಯದರ ಕೆಳಗೆ ತೊಡೆ ಗಾತ್ರದ ಸ್ಪ್ರಿಂಗು. ಮೂರನೆಯದು ಕಿರಿದು, ಗಟ್ಟಿ, ಎರಡೂ ಕಡೆ ಕಾಲು ಇಳಿಬಿಟ್ಟು ಕೂರುವಂಥದು. ಮುಂದೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಹಿಡಿಕೆ, ಕೆಳಗೆ ಬೈಕಿನಲ್ಲಿರುವಂಥ ಶಾಕ್ ಅಬ್ಸಾರ್ಬರು.

“ಇದು ಯಾರಿಗಿ ಬೇಕ ಮಾಮ?” ಎಂದ ದುರ್ಗೇಶ. “ಕುದುರಿ ಸತ್ತ ಮ್ಯಾಲ ಉಳಿದ ಜೀನು ಇದ್ದಂಗ ಅದ.”

ಆಗ ಗೇಟು ತೆರೆದು ಮುನಿಆಂಜನಪ್ಪನವರು ಬಂದರು. ಗಂಜಿ ಹಾಕಿದ ಪಂಚೆ ಹೆಜ್ಜೆಗೊಮ್ಮೆ ಸದ್ದು ಮಾಡುತ್ತಿತ್ತು.

“ಏನಪ್ಪಾ ಹಂಪಣ್ಣ, ಸೀಟಿನ್ ವಿಷ್ಯಕ್ಕೇ ಹೊರಟ್ಯಾ?”

ಇವರಿಗೆ ಹೇಗೆ ತಿಳಿಯಿತು ಎಂದು ಹಂಪಣ್ಣನಿಗೆ ಅಚ್ಚರಿಯಾಯಿತು. “ಹೌದ್ರಿ ಮಾಲಕ್ರ. ಸಂಜಿಗಿ ಫೈನಲ್ರಿ.”

“ಏನೇನ್ ನೋಡ್ತಾರಪ್ಪ ಮುಖ್ಯವಾಗಿ?”

“ತೂಕ ನೋಡ್ತಾರ್ರಿ. ಎಂಥಾ ಏಟು ಬಿದ್ರೂ ತಡಕೋಬೇಕ್ರಿ.”

“ತೂಕ!” ಮುನಿಆಂಜನಪ್ಪನವರು ಎದೆ ಉಬ್ಬಿಸಿದರು, ಜೊತೆಗೆ ಹೊಟ್ಟೆಯೂ ಬಂತು. “ನನಗಿಂತ ತೂಕದೋನು ಈ ಏರಿಯಾದಲ್ಲಿ ಯಾವನವ್ನೆ ತೋರ್ಸು!”

ಹಂಪಣ್ಣ ಅವರನ್ನು ಮೇಲಿಂದ ಕೆಳಗೆ ನೋಡಿದ. ಮಾತು ನಿಜವಾಗಿತ್ತು. ತಾನೋ ಹಂಚಿಕಡ್ಡಿ. ತನ್ನಂಥವನು ಕೂತು ಸೀಟು ಗಟ್ಟಿ ಎಂದರೆ ನಂಬುವವರು ಯಾರು? ದಪ್ಪನೆಯ ಆಸಾಮಿಯೊಬ್ಬ ತಾನಾಗಿಯೇ ಒದಗಿ ಬಂದಿದ್ದ.

“ಹಂಗಾರ ನೀವ ಬರ್ರಿ ಮಾಲಕ್ರ. ನೀವ ಕುಂದರ್ರಿ ಸೀಟಿನ ಮ್ಯಾಲ.”

ಈ ಒಂದು ಮಾತಿಗಾಗಿ ಮುನಿಆಂಜನಪ್ಪನವರು ಅರ್ಧ ಆಯುಷ್ಯ ಕಾದಿದ್ದರು. ಹಂಪಣ್ಣ ಬೇಡ ಬೇಡವೆಂದರೂ ಕೇಳದೆ ಅವನ ಕೈಗಳನ್ನು ಕಣ್ಣಿಗೊತ್ತಿಕೊಂಡು, ದುರ್ಗೇಶನ ಹೆಗಲು ಹಿಡಿದು ಗಾಡಿ ಹತ್ತಿ ಕೆಂಪು ಸೀಟಿನಲ್ಲಿ ಕೂತೇಬಿಟ್ಟರು.

ತೆರೆದ ಗಾಡಿ, ಕೆಂಪು ಆಸನ, ಬಿಳಿ ಬಟ್ಟೆ. ಬೀದಿಗೆ ಇನ್ನೇನು ಬೇಕು? ಪಟಾಲಮ್ಮ ಆರತಿ ತಂದರು. ರಸೆಲ್ ಮಾರುಕಟ್ಟೆಯಿಂದ ದೇವರಿಗೆಂದು ತಂದಿದ್ದ ಸೇವಂತಿಗೆ ಹಾರ ಗಂಡನ ಕೊರಳಿಗೆ ಬಿತ್ತು. ಮೂಲೆ ಅಂಗಡಿಯ ವಸಂತ್ ಫೋನು ಹಿಡಿದು ವಿಡಿಯೋ ಶುರು ಮಾಡಿದ. “ಮುನಿಆಂಜನಪ್ಪಣ್ಣಂಗೆ ಜೈ!” ಎಂದು ಯಾರೋ ಕೂಗಿದರು. ಎಲ್ಲಿಂದಲೋ ಒಂದು ತಮಟೆಯೂ ಬಂತು.

ಏನೋ ಎಡವಟ್ಟಾಗಿದೆ ಎನಿಸಿ ಹಂಪಣ್ಣ ಗಾಡಿ ಹತ್ತಿ ಅವರ ಕಿವಿಯ ಬಳಿ ಬಗ್ಗಿದ. “ಮಾಲಕ್ರ, ಇದು ಬೋಟಿಂದ್ರೀ...”

“ವೋಟಿಂದೇ ಕಣಪ್ಪ, ಗೊತ್ತು. ನೀನ್ ಸುಮ್ನೆ ಗಾಡಿ ಬಿಡ್ಸು.”

ಗಾಡಿ ಹೊರಟಿತು, ಹಿಂದೆ ಜನ. ನೆಟ್ಟಗಿದ್ದ ರಸ್ತೆಯಲ್ಲಿ ಮುನಿಆಂಜನಪ್ಪನವರು ಎರಡೂ ಕಡೆ ಕೈಮುಗಿಯುತ್ತಾ ಹಾಯಾಗಿ ಸಾಗಿದರು. ಮೊದಲ ಗುಂಡಿ ಬಂತು. ಮೆತ್ತೆ ಅಪ್ಪಚ್ಚಿಯಾಗಿ ಅವರ ಕುಂಡೆ ನೇರವಾಗಿ ಹಲಗೆಗೆ ಬಡಿಯಿತು.

“ಅಯ್ಯಯ್ಯಪ್ಪೋ!”

“ಇದು ಬ್ಯಾಡ್ರಿ,” ಎಂದ ಹಂಪಣ್ಣ, ಕೆಲಸದ ಶ್ರದ್ಧೆಯಲ್ಲಿ ಉಳಿದದ್ದನ್ನೆಲ್ಲ ಮರೆತು. “ನಿಂತಾಗ ಮೆತ್ತಗಿರ್ತದ. ಒಮ್ಮೆ ತಳ ಮುಟ್ತು ಅಂದ್ರ ಬಲವಾಗಿ ಬಡೀತದ.”

“ನಿಜ ಕಣಪ್ಪ. ರಾಜಕೀಯದಲ್ಲಿ ಮೆತ್ತಗಿದ್ರೆ ಹಿಂಗೇ,” ಎಂದು ಮುನಿಆಂಜನಪ್ಪನವರು ಕಣ್ಣೀರೊರೆಸಿಕೊಂಡು ಎರಡನೆಯ ಸೀಟಿಗೆ ಬಂದರು. ಮೂರು ಸೀಟಿನಲ್ಲೂ ಕೂತು ತೋರಿಸುವುದು ಮೇಲಿನವರ ನಿಯಮವೇ ಇರಬೇಕೆಂದು ಅವರು ತಿಳಿದಿದ್ದರು.

ಎರಡನೆಯದು ಇನ್ನೂ ಘೋರ. ಗುಂಡಿಗೆ ಬಿದ್ದ ಕೂಡಲೇ ಸ್ಪ್ರಿಂಗು ಅವರನ್ನು ಮೇಲಕ್ಕೆಸೆಯಿತು. ಬಿದ್ದರು, ಮತ್ತೆ ಎಸೆಯಿತು. ಕೊರಳ ಹಾರ ಹಾರಿ ಕಮ್ಮನಹಳ್ಳಿ ಕಡೆ ಹೊರಟಿದ್ದ ಸ್ಕೂಟರಿನವನ ಹೆಲ್ಮೆಟ್ಟಿಗೆ ಬಿತ್ತು, ಅವನು ಗಾಬರಿಯಲ್ಲಿ ಹಾರದೊಂದಿಗೇ ಹೊರಟುಹೋದ. ಓನರ್ ಕುಣಿಯುತ್ತಿದ್ದಾರೆಂದು ತಿಳಿದು ತಮಟೆಯವನು ಪೆಟ್ಟು ಜೋರು ಮಾಡಿದ, ಹುಡುಗರು ಸಿಳ್ಳೆ ಹೊಡೆದರು. ಕಡೆಯ ನೆಗೆತಕ್ಕೆ ಅವರು ಬಂದು ಬಿದ್ದದ್ದು ಹಂಪಣ್ಣನ ಮಡಿಲಲ್ಲಿ.

“ಇದೂ ಬ್ಯಾಡ್ರಿ,” ಎಂದ ಹಂಪಣ್ಣ ಕೆಳಗಿನಿಂದ, ಉಸಿರು ಸಿಕ್ಕ ಮೇಲೆ. “ತಗೊಂಡ ಏಟು ಇಟ್ಕೊಳ್ಳವಲ್ದು. ಬಡ್ಡಿ ಸಮೇತ ವಾಪಸ್ ಕೊಡ್ಲಿಕತ್ತದ.”

ಉಳಿದದ್ದು ಜೀನು. ಮುನಿಆಂಜನಪ್ಪನವರು ಪಂಚೆ ಎತ್ತಿ ಕಟ್ಟಿ ಅನುಮಾನದಿಂದಲೇ ಕೂತರು. ಅಭಿಮಾನಿಯೊಬ್ಬ ಎಳನೀರು ಕೊಟ್ಟ. ಅದೇ ಹೊತ್ತಿಗೆ ಹಿಂದಿನಿಂದ ನೀರಿನ ಟ್ಯಾಂಕರೊಂದು ಹಾರ್ನು ಬಾರಿಸಿಕೊಂಡು ಬಂದದ್ದರಿಂದ ದುರ್ಗೇಶ ಹೆದರಿ ಗಾಡಿಯನ್ನು ಪೈಪಿನ ಅಗೆತದ ಮೇಲೇ ಓಡಿಸಿದ. ಗಾಡಿ ಹಾರಿತು, ಬಿತ್ತು, ಮತ್ತೆ ಹಾರಿತು. ದುರ್ಗೇಶನ ತಲೆ ಟಾಪಿಗೆ ಹೊಡೆಯಿತು. ಹಂಪಣ್ಣ ಮೂಲೆಗೆ ಹೋಗಿ ಬಿದ್ದ. ಅಲ್ಲಿಂದಲೇ ತಲೆಯೆತ್ತಿ ನೋಡುತ್ತಾನೆ, ಮುನಿಆಂಜನಪ್ಪನವರು ಮೆಲ್ಲಗೆ ಏಳುತ್ತಾ ಮೆಲ್ಲಗೆ ಇಳಿಯುತ್ತಾ ಎಳನೀರು ಹೀರುತ್ತಿದ್ದಾರೆ. ಒಂದು ಹನಿಯೂ ಚೆಲ್ಲಿಲ್ಲ.

“ಇದ ನೋಡ್ರಿ ಸೀಟು ಅಂದ್ರ!” ಎಂದು ಕುಣಿದಾಡಿದ ಹಂಪಣ್ಣ.

ತಾನೂ ಒಮ್ಮೆ ಕೂತು ನೋಡಿದ. ಅವನ ಸಣಕಲು ಮೈಗೆ ಸೀಟು ಜಗ್ಗಲೇ ಇಲ್ಲ, ಏಟು ನೆತ್ತಿಗೇರಿತು. ಪಕ್ಕದಲ್ಲೊಂದು ತಿರುಪು ಕಂಡಿತು. ಕೂರುವವರ ತೂಕಕ್ಕೆ ತಕ್ಕಂತೆ ಬಿಗಿ ಸಡಿಲ ಮಾಡುವುದದು. ತಿರುಗಿಸಿ ಮತ್ತೆ ಅದೇ ಅಗೆತದ ಮೇಲೆ ಹೋದ, ತೊಟ್ಟಿಲು ತೂಗಿದಂತಿತ್ತು. ಖಾಯಂ ಕುರ್ಚಿ, ಎರಡು ಕೈ ಸಮೇತ, ಅವನ ಕಣ್ಣ ಮುಂದೆ ಬಂದು ನಿಂತಿತು.

ಗಾಡಿ ಮೂವರನ್ನೂ ಹೊತ್ತು ಹಲಸೂರಿನ ಆಫೀಸು ಮುಟ್ಟಿದಾಗ ಕಾರವಾರದ ತಂಡದ ಅಧಿಕಾರಿ ರೇವತಿ ಮೇಡಂ ಆಗಲೇ ಬಂದು ಕೂತಿದ್ದರು. ಪಕ್ಕದಲ್ಲಿ ಶ್ರೀನಿವಾಸ್. ಖಾಕಿ ಬಟ್ಟೆಯ ಮೇಡಂ ದೊಡ್ಡ ಕಡೆಯಿಂದಲೇ ಬಂದವರೆಂದು ಮುನಿಆಂಜನಪ್ಪನವರಿಗೆ ಖಾತ್ರಿಯಾಯಿತು.

“ಮೇಡಂ, ಈ ನಮ್ಮ ಮನಿ ಮಾಲಕ್ರೇ ಕೂತು ನೋಡ್ಯಾರ್ರಿ. ಮೂರನೇದು ಪಾಸಾತು,” ಎಂದ ಹಂಪಣ್ಣ.

“ಹೌದಾ ಸರ್? ಹೇಗಿತ್ತು ಸೀಟು?”

“ಕೂತಾಯ್ತು ಮೇಡಂ,” ಎಂದರು ಮುನಿಆಂಜನಪ್ಪನವರು ಕೈಮುಗಿದು. “ಇನ್ ಏಳೋ ಪ್ರಶ್ನೇನೇ ಇಲ್ಲ. ಐದು ವರ್ಷ!”

“ಐದು ವರ್ಷ ಬಾಳಿಕೆ ಬರುತ್ತಾ? ಪರವಾಗಿಲ್ವೇ. ತುಕ್ಕು?”

“ನಮ್ ವಂಶದಲ್ಲೇ ಯಾರ್ಗೂ ತುಕ್ ಹಿಡಿದಿಲ್ಲ ಮೇಡಂ.”

ಮೇಡಂ ತುಸು ಹುಬ್ಬೇರಿಸಿದರೂ ಹೊರಗಿದ್ದ ಗಾಡಿಗೆ ಹೋಗಿ ಸೀಟನ್ನು ಹಿಂದೆ ಮುಂದೆ ನೋಡಿ, ತಿರುಪು ತಿರುಗಿಸಿ, ತಲೆದೂಗಿದರು. “ಸರಿ, ಇದೇ ಓಕೆ. ಎಲ್ಲಿ ಕೂರಿಸ್ತೀರ ತೋರ್ಸಿ.”

ಶ್ರೀನಿವಾಸ್ ಟಾರ್ಪಾಲು ಸರಿಸಿದರು. ಕರೀ ರಬ್ಬರ್ ಬೋಟು ಎಮ್ಮೆಯ ಹಾಗೆ ಹೊಳೆಯುತ್ತಾ ಮಲಗಿತ್ತು.

“ಏನಿದು?” ಎಂದರು ಮುನಿಆಂಜನಪ್ಪನವರು.

“ಬೋಟು.”

“ವೋಟು?”

“ಬೋಟು ಸಾರ್. ಬಸವನ ಬ,” ಎಂದರು ಶ್ರೀನಿವಾಸ್.

ಮುನಿಆಂಜನಪ್ಪನವರ ಮುಖ ಮೊದಲು ಬಿಳುಚಿ ಆಮೇಲೆ ಆ ಮೊದಲನೆಯ ಸೀಟಿನ ಬಣ್ಣಕ್ಕೆ ತಿರುಗಿತು. “ಹಂಪಣ್ಣಾ! ಊರ್ ಮುಂದೆ ನನ್ನ ಕುಣಿಸ್ಬಿಟ್ಟೆಯಲ್ಲೋ! ನಾಳೆ ಬೆಳಿಗ್ಗೆ ಮನೆ ಖಾಲಿ ಮಾಡು!”

ಹಂಪಣ್ಣ ಕಾಲು ಹಿಡಿಯಲು ಬಗ್ಗುವಷ್ಟರಲ್ಲಿ ಅವರ ಜೇಬಿನ ಫೋನು ಬಡಿದುಕೊಂಡಿತು. ಕಿವಿಗಿಟ್ಟುಕೊಂಡವರ ಮುಖ ನಿಧಾನವಾಗಿ ಅರಳಿತು. ಮಾತಾಡುತ್ತಿದ್ದದ್ದು ಅವರ ಪಕ್ಷದ ಮುಖಂಡರು.

“ವಿಡಿಯೋ ನೋಡ್ದೆ ಮುನಿಆಂಜನಪ್ಪ! ಏನ್ ಜನಾರೀ! ಆ ಕಡೆ ಪಾರ್ಟಿಯೋರು ಸೀಟ್ ಕೊಟ್ಬಿಟ್ರಾ? ದುಡುಕ್ಬೇಡ್ರಿ. ನಮ್ ಸೀಟು ನಿಮ್ಗೇ, ಇವತ್ತೇ ಹೇಳ್ಬಿಟ್ಟಿದೀನಿ!”

ಮುನಿಆಂಜನಪ್ಪನವರು ಹಂಪಣ್ಣನನ್ನು ಬಾಚಿ ತಬ್ಬಿದರು. “ನಾನ್ ಹೇಳ್ಲಿಲ್ವಾ, ನೀನ್ ಒಳಗಿನ್ ಜನ ಅಂತ! ಸಾಯೋವರ್ಗೂ ನಮ್ ಮನೇಲೇ ಇರೋ ನೀನು!” ಎಂದವರೇ ದುರ್ಗೇಶನ ಗಾಡಿ ಹತ್ತಿ, ಜೀನಿನ ಮೇಲೆ ಕೂತು, ಊರಿಗೆ ಸುದ್ದಿ ಮುಟ್ಟಿಸಲು ಹೊರಟೇಬಿಟ್ಟರು.

ಹಂಪಣ್ಣನಿಗೂ ಧೈರ್ಯ ಬಂತು. ಮೆಲ್ಲಗೆ ಶ್ರೀನಿವಾಸ್ ಮುಂದೆ ನಿಂತ. “ಸರ್, ನಂದೂ ಒಂದು ಖಾಯಂ ಸೀಟು ಅಂದಿದ್ರಿ...”

“ಅಯ್ಯೋ, ಆಗ್ಲೇ ಆಯ್ತಲ್ಲೋ!” ಶ್ರೀನಿವಾಸ್ ಅವನ ಬೆನ್ನು ತಟ್ಟಿದರು. “ಮೇಡಂ ಜೊತೆ ಮಾತಾಡ್ಬಿಟ್ಟೆ. ಮಳೆಗಾಲ ಪೂರ್ತಿ ಕಾರವಾರದಲ್ಲಿ ಬೋಟ್ ಓಡಿಸಿ ಟೆಸ್ಟ್ ಮಾಡ್ಬೇಕು. ಈ ಸೀಟಿನ ಒಳಗುಟ್ಟು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಡ್ರೈವರ್ ಹಿಂದಿನ ಸೀಟು ನಿಂದೇ. ಖಾಯಂ.”

“ಸರ್, ನನಗ ಈಜು ಬರಂಗಿಲ್ರಿ!”

“ಬೀಳೋದೇ ಇಲ್ವಲ್ಲೋ, ಅದಕ್ಕೇ ಅಲ್ವಾ ಅಂಥ ಸೀಟು ಆರಿಸಿದ್ದು?”

“ಮೊದಮೊದ್ಲು ವಾಂತಿ ಆಗುತ್ತೆ,” ಎಂದು ರೇವತಿ ಮೇಡಂ ಅಕ್ಕರೆಯಿಂದ ಹೇಳಿದರು. “ಆಮೇಲೆ ಅಭ್ಯಾಸ ಆಗ್ಬಿಡುತ್ತೆ.”

ಇಷ್ಟು ಹೇಳಿ ಮೇಡಂ ಟೀ ಕುಡಿಯಲು ಕೂತರು. ಅವರ ಬ್ಯಾಗು ಇಡಲು ಜಾಗ ಬೇಕಾಗಿ ಯಾರೋ ಬಂದು ಹಂಪಣ್ಣನ ಸ್ಟೂಲು ತೆಗೆದುಕೊಂಡು ಹೋದರು.

ಸಂಜೆ ಹೊರಮಾವಿನ ಬಸ್ಸು ಕಿಕ್ಕಿರಿದಿತ್ತು. ಒಂದು ಕಾಲಿನ ಮೇಲೆ ಜೋತಾಡುತ್ತಿದ್ದಾಗ ನಾಗರತ್ನಾಳ ಫೋನು ಬಂತು.

“ಸೀಟು ಸಿಕ್ತೇನ್ರಿ?”

“ಸಿಕ್ತು.”

“ಖಾಯಂ?”

“ಖಾಯಂ.”

“ನಮ್ಮವ್ವ ಹೊತ್ತ ಹರಕಿ ಸುಳ್ಳಾಗಲಿಲ್ಲ ನೋಡ್ರಿ! ಅದಕ್ಕ ಎರಡೂ ಕೈ ಅದಾವಿಲ್ರಿ?”

ಹುಟ್ಟಿದಾಗಿನಿಂದ ಮೊದಲ ಸಲ ಹಂಪಣ್ಣ ಫೋನಿನಲ್ಲಿ ಮೆಲ್ಲಗೆ, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಮಾತಾಡಿದ.

“ಕೈ ಇಲ್ಲ. ಮುಂದ ಒಂದು ಹಿಡಿಕಿ ಅದ. ಜೀವ ಇರೋತನಕ ಅದನ್ನ ಬಿಡಬಾರದಂತ.”