ನೆರಳು ಕದಿಯುವವನ ಕಾರಣ

ಯಾರು ಏನು ಮಾಡಿದರೂ ಅದಕ್ಕೊಂದು ಸರಿಯಾದ ಕಾರಣ ಇರಬೇಕು ಎಂದು ನಂಬಿ ಬದುಕಿದವನು ನಾನು. ಇದರಲ್ಲಿ ನನ್ನ ತಪ್ಪಿಲ್ಲ, ಉದ್ಯೋಗದ ತಪ್ಪು. ಮಣಿಪಾಲದ ಒಂದು ಕಚೇರಿಯಲ್ಲಿ ರಜೆ ಅರ್ಜಿಗಳನ್ನು ಓದುವುದು ನನ್ನ ಕೆಲಸ. ಅತ್ತಿಗೆಯ ತಂಗಿಯ ಮನೆಯಲ್ಲಿ ಭೂತದ ನೇಮ ಎಂದು ಯಾರಾದರೂ ಎರಡು ದಿನ ಕೇಳಿದರೆ, ಅತ್ತಿಗೆಯ ತಂಗಿಗೂ ನಿಮಗೂ ಏನು ಸಂಬಂಧ ಎಂದು ವಿಚಾರಿಸಿ, ಕೆಂಪು ಶಾಯಿಯಲ್ಲಿ ‘ಕಾರಣ ಸಾಲದು’ ಎಂದು ಬರೆದು ವಾಪಸ್ ಕಳಿಸುತ್ತೇನೆ. ಸಹೋದ್ಯೋಗಿಗಳು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆಂಬುದು ನನಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಇಂಥ ನನ್ನ ತಲೆ ಕೆಡಿಸಿದ್ದು ಒಂದು ಕಾರ್ಟೂನು. ಐದನೇ ಕ್ಲಾಸಿನ ಮಗಳು ಅನ್ವಿ ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳೇ ಬನ್ನಂಜೆಯ ನಮ್ಮ ಮನೆಯ ಟಿವಿಯ ಮುಂದೆ ಕೂತು ನೋಡುವ ಮಾಯಾಲೋಕದ ಧಾರಾವಾಹಿ. ಅದರಲ್ಲೊಬ್ಬ ದುಷ್ಟ ಮಂತ್ರವಾದಿ. ಗಡ್ಡ ಮೊಣಕಾಲಿನವರೆಗೆ. ಏಳು ರಾಜ್ಯಗಳ ಜನರ ನೆರಳು ಕದ್ದು, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಮಡಚಿ ಗುಹೆಯಲ್ಲಿ ಇಡುತ್ತಾನೆ. ನೆರಳು ಹೋದವರಿಗೆ ಮತ್ತೆ ನಗು ಬರುವುದಿಲ್ಲ. ಪೇಪರ್ ಓದುವ ನೆಪದಲ್ಲಿ ನಾನೂ ಹನ್ನೊಂದು ಕಂತು ನೋಡಿದೆ. ಯಾಕೆ ಕದಿಯುತ್ತಾನೆ? ಮಾರುವುದಿಲ್ಲ, ಉಡುವುದಿಲ್ಲ, ಯಾರಿಗೂ ತೋರಿಸುವುದೂ ಇಲ್ಲ. ಹನ್ನೆರಡನೆಯ ಕಂತಿನಲ್ಲಿ ಕಾರಣ ಬಂತು. ಅವನು ಚಿಕ್ಕವನಿದ್ದಾಗ ದೀಪದ ಹಬ್ಬದ ದಿನ ಗುರುಗಳು ಶಿಷ್ಯರನ್ನೆಲ್ಲ ಹೆಸರು ಹಿಡಿದು ಕರೆದು ಒಂದೊಂದು ದೀಪ ಕೊಟ್ಟರಂತೆ. ಇವನೊಬ್ಬನ ಹೆಸರು ಮರೆತರಂತೆ.

“ಅಷ್ಟೇಯಾ? ಅದಕ್ಕೆ ಏಳು ರಾಜ್ಯವಾ? ಕಾರಣ ಸಾಲದು,” ಎಂದೆ.

“ಅವನಿಗೆ ಎಷ್ಟು ಬೇಜಾರಾಗಿರಬಹುದು ಅಲ್ವಾ ಅಪ್ಪ?” ಎಂದಳು ಮಗಳು.

“ಬೇಜಾರಾದರೆ ಗುರುಗಳ ಹತ್ರ ಹೋಗಿ ಕೇಳಬೇಕಿತ್ತು ಮಾರಾಯ್ತಿ. ಒಂದು ಮಾತಿನಲ್ಲಿ ಮುಗಿಯುತ್ತಿತ್ತು.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಹೆಂಡತಿ ಸುಜಾತಾ ಬಾಗಿಲಿಗೆ ಬಂದಳು. “ಹೌದಾ? ಹಾಗಾದರೆ ನೀವು ಅಕ್ಕನ ಹತ್ರ ಎಂತಕ್ಕೆ ಕೇಳಲಿಲ್ಲ?”

ಇಲ್ಲಿ ಓದುಗರಿಗೆ ಒಂದು ವಿಷಯ ಒಪ್ಪಿಸಬೇಕು. ಎರಡು ವರ್ಷದ ಹಿಂದೆ ಕಾರ್ಕಳದಲ್ಲಿ ಅಕ್ಕನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ನಾನು ಅವಳಿಗೆ ಇರುವ ಒಬ್ಬನೇ ತಮ್ಮ, ಅವಳ ಮಗಳಿಗೆ ಸೋದರಮಾವ. ನಮ್ಮ ಕಡೆ ಸೋದರಮಾವ ಎಂದರೆ ಸಣ್ಣ ಸ್ಥಾನವಲ್ಲ. ಅಂದು ಊಟ ಮಾಡಿ ಕೈ ತೊಳೆದು ಬರುವಷ್ಟರಲ್ಲಿ ಮನೆಯವರ ಫೋಟೋ ತೆಗೆದಾಗಿತ್ತು. ನಾನಿಲ್ಲದ ಫೋಟೋ! ಯಾರಿಗೂ ಒಂದು ಮಾತೂ ಹೇಳದೆ ಹೆಂಡತಿ, ಮಗಳನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದವನು ಮತ್ತೆ ಅತ್ತ ಮುಖ ಹಾಕಲಿಲ್ಲ. ಈಗ ಅವಳ ಮಗಳ ಮದುವೆ. ಅಕ್ಕ ಸ್ವತಃ ಬಂದು, “ನೀನು ಬರದಿದ್ದರೆ ಧಾರೆಗೆ ನಿಲ್ಲುವುದು ಯಾರು?” ಎಂದು ಕೇಳಿದಾಗ ನಾನು “ನೋಡುವ” ಎಂದಿದ್ದೆ. ನಮ್ಮೂರಲ್ಲಿ ‘ನೋಡುವ’ ಎಂದರೆ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಅಕ್ಕ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದಳು.

“ಅಪ್ಪ, ಮಂತ್ರವಾದಿ ಮಾಡಿದ್ದು ಸರಿಯಾ ತಪ್ಪಾ? ಒಂದು ಹೇಳಿ,” ಎಂದು ಅನ್ವಿ ಪಟ್ಟು ಹಿಡಿದಳು. ಸರಿ ಎಂದರೆ ನಾನು ಗಡ್ಡದವನ ಪಾರ್ಟಿ. ತಪ್ಪು ಎಂದರೆ ಕಾರ್ಕಳದ ಬಸ್ಸು ಹತ್ತಬೇಕು. “ಹದಿಮೂರನೇ ಕಂತು ಬರಲಿ,” ಎಂದು ಜಾರಿಕೊಂಡೆ. ಆದರೆ ಗೊಂದಲ ಕಚೇರಿಗೂ ನನ್ನ ಜೊತೆಗೇ ಬಂತು. ಗುರುಗಳು ಬೇಕೆಂದೇ ಮರೆತರೋ? ವಯಸ್ಸಾಗಿ ಮರೆತರೋ? ಹೀಗೆ ಯೋಚಿಸುತ್ತ, ಅತ್ತಿಗೆಯ ತಂಗಿಯ ಮನೆಯ ನೇಮಕ್ಕೆ ಎರಡು ದಿನ ಕೇಳಿದವನಿಗೆ ಮೂರು ದಿನ ಮಂಜೂರು ಮಾಡಿದೆ. ಅವನು ಹೆದರಿ, ಆರೋಗ್ಯ ಹೇಗುಂಟು ಸರ್ ಎಂದು ಕೇಳಿ ಹೋದ.

ಕೊನೆಗೆ ಸುಜಾತಾ, “ನೀವು ಆರಾಮಾಗಿ ಯೋಚನೆ ಮಾಡಿ. ಮದುವೆಗೆ ಮುಡಿಯಲು ಶಂಕರಪುರದ ಮಲ್ಲಿಗೆಗೆ ನಾನು ಹೇಳಿ ಆಗಿದೆ,” ಎಂದಳು. ಮಲ್ಲಿಗೆಗೆ ಹೇಳಿಯಾದ ಮೇಲೆ ಗಂಡಸರ ಅಭಿಪ್ರಾಯ ಯಾರಿಗೆ ಬೇಕು?

ಮದುವೆಯ ಹಿಂದಿನ ದಿನ ಮಧ್ಯಾಹ್ನ ಅಕ್ಕನ ಮನೆಗೆ ಕಾಲಿಟ್ಟೆ. ಚಾವಡಿಯ ಗೋಡೆಯಲ್ಲಿ ಅದೇ ಫೋಟೋ. ನಾನು ಅದನ್ನು ನೋಡಿದ್ದು ಅದೇ ಮೊದಲು. ಅಕ್ಕನ ಬಲಗಡೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಖಾಲಿ ಇತ್ತು.

“ಅದು ನಿನಗೆ ಇಟ್ಟ ಜಾಗ,” ಎಂದಳು ಅಕ್ಕ. “ಫೋಟೋದವನಿಗೆ ಇನ್ನೊಂದು ಕಡೆ ಹೋಗಲಿಕ್ಕಿತ್ತು. ನೀನು ಬಂದ ಮೇಲೆ ಮತ್ತೊಂದು ತೆಗೆಸುವ ಅಂತ ನೋಡಿದರೆ ನೀನು ಬಸ್ಸಿನಲ್ಲಿ. ಒಂದು ಮಾತು ಕೇಳಬಾರದಿತ್ತಾ?”

ನಾಚಿಕೆಯಾಯಿತು. ಎರಡು ವರ್ಷ ಅಕ್ಕನ ಮನೆಯ ಅನ್ನ ತಪ್ಪಿಸಿಕೊಂಡದ್ದಕ್ಕೆ ದುಃಖವೂ ಆಯಿತು. ಕಣ್ಣು ತುಂಬಿತು. ಅದಕ್ಕೆ ಮಾತ್ರ ಯಾರೂ ಕಾರಣ ಕೇಳಲಿಲ್ಲ.

ಮರುದಿನ ಧಾರೆಯಾಯಿತು. ಊಟವಾದ ಕೂಡಲೇ ಅಕ್ಕ ನನ್ನ ರಟ್ಟೆ ಹಿಡಿದು, ಕೈ ತೊಳೆಯಲು ಬೇಸಿನ್ನಿನವರೆಗೂ ಜೊತೆಗೇ ಬಂದು, ಎಳೆದುಕೊಂಡು ಹೋಗಿ ವೇದಿಕೆಯ ಮೇಲೆ ನಿಲ್ಲಿಸಿದಳು. ಎಲ್ಲ ಸುಖಾಂತವಾಯಿತು ಎಂದುಕೊಂಡೆ.

ನಿನ್ನೆ ಆ ಫೋಟೋ ಮೊಬೈಲಿಗೆ ಬಂತು. ನನ್ನ ಎದುರು ವರನ ಸೋದರಮಾವ, ತಲೆಗೆ ದೊಡ್ಡ ಮುಂಡಾಸು ಸುತ್ತಿ ನಿಂತಿದ್ದಾರೆ. ನನ್ನದೆಂದು ಹೇಳಬಹುದಾದದ್ದು ಬಲಗಿವಿ ಒಂದೇ. ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಅಷ್ಟು ಜಾಗ ಇರುವಾಗ ಆ ಮನುಷ್ಯ ನನ್ನ ಮುಂದೆಯೇ ಬಂದು ನಿಲ್ಲಬೇಕಾದರೆ ಏನಾದರೂ ಕಾರಣ ಇರಲೇಬೇಕಲ್ಲ?

ತಲೆ ಎತ್ತಿದರೆ ಅನ್ವಿ ಟಿವಿ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು.

“ಅಪ್ಪ,” ಎಂದಳು, “ಸೀಸನ್ ಟೂ ಶುರುವಾಯ್ತಾ?”